ಸೊನ್ನೆ ರೂಪಾಯಿ ಮಾತ್ರ

ಸಂಜೆ 4 ಗಂಟೆಯೊಳಗೆ ಬೇಕಾದ ಮಾಹಿತಿಯನ್ನು 3.40ಕ್ಕೆ ಕೇಳುವುದೂ ಒಂದು ಕಲೆ. "ಅತಿ ಜರೂರು. ಲಗತ್ತಿಸಿರುವ ನಮೂನೆಯಲ್ಲಿ ಅನುದಾನವಾರು ವೆಚ್ಚದ ವಿವರವನ್ನು ಇಂದೇ ಸಲ್ಲಿಸುವುದು. ತಪ್ಪಿದಲ್ಲಿ ನೀವೇ ನೇರ ಹೊಣೆ" ಅಂತ ರಾಜ್ಯದ ಊರುಗಳ ನಗರಾಡಳಿತ ಕಚೇರಿಗಳ ಗ್ರೂಪಿಗೆ ಮೇಲಿನಿಂದ ಮೆಸೇಜ್ ಬರುತ್ತದೆ. ಲಗತ್ತು ಇರುವುದಿಲ್ಲ. ಲಗತ್ತು ಎಲ್ಲಿ ಅಂತ ಗ್ರೂಪಿನಲ್ಲಿ ಕೇಳುವ ಧೈರ್ಯ ಯಾರಿಗೂ ಇಲ್ಲ, ಎಲ್ಲ ಊರಿನವರೂ ಕೈ ಮುಗಿದ ಚಿತ್ರ ಹಾಕಿ "ನೋಟೆಡ್ ಸರ್" ಅನ್ನುತ್ತಾರೆ. 4.10ಕ್ಕೆ ನಮೂನೆ ಬರುತ್ತದೆ. 4.15ಕ್ಕೆ "ಇನ್ನೂ ಸಲ್ಲಿಸದವರ ಪಟ್ಟಿ" ಬರುತ್ತದೆ. ಈ ವಾರವೂ ಹಾಗೇ ಆಯಿತು. ಪಟ್ಟಿಯಲ್ಲಿ ನಮ್ಮ ಊರೇ ಮೊದಲು. ಅಕಾರಾದಿಯಲ್ಲಿ ಎಲ್ಲಿಂದ ಹಿಡಿದರೂ ನಾವು ಮೊದಲು ಬರುವುದಿಲ್ಲ. ಸುಮ್ನೆ ಹಾಕಿದ್ದಾರೆ.

ನಮೂನೆಯಾದರೂ ಹೋದ ಸಲದ್ದೇ ಇರುತ್ತದಾ ಅಂದರೆ ಅದೂ ಇಲ್ಲ. ಹೋದ ತಿಂಗಳು ಲಕ್ಷಗಳಲ್ಲಿ ಕೇಳಿದ್ದನ್ನು ಈ ತಿಂಗಳು ಕೋಟಿಗಳಲ್ಲಿ ಕೇಳುತ್ತಾರೆ. ದುಡ್ಡು ಅದೇ, ಕೆಲಸ ಅದೇ, ಚುಕ್ಕಿ ಮಾತ್ರ ಎರಡು ಮನೆ ಎಡಕ್ಕೆ ಹೋಗಬೇಕು. ಕೇಂದ್ರದಿಂದ ಬಂದ ಹಣಕಾಸು ಆಯೋಗದ ಅನುದಾನವನ್ನು ರಾಜ್ಯಗಳು 10 ಕೆಲಸದ ದಿನಗಳೊಳಗೆ ಊರುಗಳಿಗೆ ದಾಟಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅಂತ ನಿಯಮ ಇದೆ. ದುಡ್ಡು ಕಳಿಸೋರಿಗೆ 10 ದಿನ, ಲೆಕ್ಕ ಕಳಿಸೋರಿಗೆ 20 ನಿಮಿಷ.

ನಗರಕ್ಕೆ ಬರುವ ಸರ್ಕಾರಿ ಅನುದಾನದ ಬಜೆಟ್ಟು, ಲೆಕ್ಕ, ಅದರ ಹಿಂದೆ ಓಡಾಡುವ ಕಾಗದ, ಇದು ನನ್ನ ಕೆಲಸ. ನೆಂಟರ ಕಿವಿಗೆ ಇದು "ಊರಿನ ದುಡ್ಡೆಲ್ಲ ಇವಳ ಕೈಲೇ ಇರೋದು" ಅಂತ ಕೇಳಿಸುತ್ತದೆ. ಮದುವೆ ಊಟಕ್ಕೆ ಕೂತರೆ ಎದುರು ಪಂಕ್ತಿಯಿಂದ ಯಾರಾದರೂ ಕೂಗುತ್ತಾರೆ, "ನಮ್ಮ ಕ್ರಾಸಿನ ಬೀದಿದೀಪ ಹೋಗಿ ಆರು ತಿಂಗಳಾಯ್ತು, ಒಂಚೂರು ಬಿಡುಗಡೆ ಮಾಡೇ." ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ತಲೆಯಾಡಿಸುತ್ತೇನೆ. ಅನುದಾನ ಅನ್ನುವುದು ಮದುವೆಗೆ ಇಸ್ಕೊಂಡು ಹಾಕಿಕೊಂಡ ಅತ್ತಿಗೆಯ ಸರದ ಹಾಗೆ. ನಮ್ಮದೇ ಕತ್ತಿನಲ್ಲಿ ಇರುತ್ತದೆ, ಎಲ್ಲರೂ ನೋಡುತ್ತಾರೆ, ಅಡ ಇಡೋ ಹಾಗಿಲ್ಲ. ಇದನ್ನು ಪಂಕ್ತಿಯಲ್ಲಿ ವಿವರಿಸೋಕೆ ಆಗುತ್ತದಾ?

15ನೇ ಹಣಕಾಸು ಆಯೋಗದ ದುಡ್ಡನ್ನೇ ತಗೊಳ್ಳಿ. 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ ಅಂತ ಆಯೋಗ 1,21,055 ಕೋಟಿ ರೂಪಾಯಿ ಶಿಫಾರಸು ಮಾಡಿತು. ಪೇಪರಿನಲ್ಲಿ ಓದಿದಾಗ ಯಾರಿಗಾದರೂ ಖುಷಿಯೇ. ಆದರೆ ದೊಡ್ಡ ನಗರಗಳ ಸಾಲಿಗೆ ಸೇರದ ನಮ್ಮಂಥ ಊರುಗಳ ಪಾಲಿನಲ್ಲಿ ಶೇ. 60ಕ್ಕೆ ಷರತ್ತು. ಅದರ ಅರ್ಧ ಕಸ ಮತ್ತು ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಉಳಿದ ಶೇ. 40 ಊರಿಗೆ ಬೇಕಾದ್ದಕ್ಕೆ, ಸಂಬಳ ಮತ್ತು ಕಚೇರಿ ಖರ್ಚು ಒಂದನ್ನು ಬಿಟ್ಟು. ಇದರ ಜೊತೆ ನಮ್ಮ ರಾಜ್ಯದ ಮೀಸಲು ಬೇರೆ: ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5. ಈ ಅಂಕಿಗಳು ನನಗೆ ಮನೆಯವರ ಫೋನ್ ನಂಬರ್‌ಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ.

ಒಬ್ಬ ಸದಸ್ಯರಿಗೆ ತಮ್ಮ ವಾರ್ಡಿನ ಬಾಗಿಲಲ್ಲಿ ಸ್ವಾಗತ ಕಮಾನು ಬೇಕಿತ್ತು. ಕಮಾನಿಗೆ ದುಡ್ಡಿಲ್ಲ ಅಂದೆ. ನೀರಿನ ಲೆಕ್ಕದಲ್ಲಿ ಇದೆಯಲ್ಲ ಅಂದರು. ಅದು ನೀರಿಗೆ ಸರ್ ಅಂದೆ. ಸ್ವಲ್ಪ ಹೊತ್ತು ಯೋಚಿಸಿದರು. "ಮಳೆ ಬಂದಾಗ ಕಮಾನಿನ ಮೇಲಿಂದ ನೀರು ಇಳಿಯುತ್ತಲ್ವಾ? ಕೆಳಗೆ ಒಂದು ಡ್ರಮ್ ಇಡಿ. ಮಳೆನೀರು ಕೊಯ್ಲು ಅಂತ ಬರೀರಿ." ಮಾತಿಲ್ಲದೆ ಕೂತೆ. ಇಂಥ ತಲೆ ನಮ್ಮ ಎಂಜಿನಿಯರಿಂಗ್ ವಿಭಾಗದಲ್ಲಿ ಒಂದಾದರೂ ಇರಬಾರದಿತ್ತಾ ಅನ್ನಿಸಿತು.

ಕಚೇರಿ ಖರ್ಚಿಗೆ ಮುಟ್ಟೋ ಹಾಗಿಲ್ಲ ಅಂದೆನಲ್ಲ, ಅದರ ನೇರ ಪೆಟ್ಟು ನಮ್ಮ ಪ್ರಿಂಟರಿಗೆ. ಬ್ಯಾಂಕಿನಲ್ಲಿ ಅನುದಾನ ಕೋಟಿಗಟ್ಟಲೆ ಇರುತ್ತದೆ, ಟೋನರಿಗೆ ಗತಿ ಇರುವುದಿಲ್ಲ. ಟೋನರ್ ಬರುವುದು ಸ್ವಂತ ನಿಧಿಯಿಂದ. ಸ್ವಂತ ನಿಧಿ ತುಂಬುವುದು ಏಪ್ರಿಲ್‌ನಲ್ಲಿ, ಶೇ. 5 ರಿಯಾಯಿತಿ ಆಸೆಗೆ ಜನ ಆಸ್ತಿ ತೆರಿಗೆ ಕಟ್ಟಿದಾಗ. ಪ್ರಿಂಟು ಜಾಸ್ತಿ ಬೇಕಾಗಿರುವುದು ಮಾರ್ಚಿನಲ್ಲಿ. ಹಾಗಾಗಿ ನಮ್ಮ ಮಾರ್ಚಿನ ಕಾಗದಗಳೆಲ್ಲ ಬೂದಿ ಬಣ್ಣದಲ್ಲಿ ಹೋಗುತ್ತವೆ, ಓದುವವರು ಕಿಟಕಿ ಹತ್ತಿರ ಹೋಗಬೇಕು. ಅದೇ ಮಾರ್ಚಿನ ಕೊನೆ ವಾರದಲ್ಲೇ ಯಾವುದೋ ಕಂತು ಬಿಡುಗಡೆಯಾಗಿರುತ್ತದೆ. ವರ್ಷದ ಕೊನೇ ತಿಂಗಳುಗಳಲ್ಲಿ ಎದ್ದುಬಿದ್ದು ಖರ್ಚು ಮಾಡುವುದು ಆರ್ಥಿಕ ಶಿಸ್ತಿನ ಉಲ್ಲಂಘನೆ ಅಂತ ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಹೇಳುತ್ತವೆ. 62ನೇ ನಿಯಮ. ಅದನ್ನು ಬರೆದವರಿಗೆ ಮಾರ್ಚ್ 28ಕ್ಕೆ ಒಂದು ಕಂತು ಕಳಿಸಿ ನೋಡಬೇಕು.

ಇದೆಲ್ಲ ತಡೆದುಕೊಳ್ಳಬಹುದು. ತಡೆದುಕೊಳ್ಳೋಕೆ ಆಗದ್ದು ಬೇರೆ ಇದೆ. ಎರಡು ಗೀಟು. ಒಂದು ಓರೆ, ಒಂದು ಅಡ್ಡ.

ಮೇಲಿನ ಮಹಡಿಯಲ್ಲಿ ಕಾಮಗಾರಿ ವಿಭಾಗದ ಹಿರಿಯರೊಬ್ಬರಿದ್ದಾರೆ. ಒಳ್ಳೆಯವರು. ಊರಿನ ಯಾವ ರಸ್ತೆಯ ಕೆಳಗೆ ಯಾವ ಪೈಪು ಮಲಗಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಕಾಮಗಾರಿಗಳ ವೆಚ್ಚದ ಅಂಕಿ ನನಗೆ ಬರಬೇಕಾದ್ದು ಅವರಿಂದಲೇ. ಅವರು ಎಕ್ಸೆಲ್‌ನಲ್ಲಿ ಮೊತ್ತ ಹಾಕುವಾಗ 12,50,000 ಅಂತ ಹಾಕಿ ಸುಮ್ಮನಿರುವುದಿಲ್ಲ. 12,50,000/- ಅಂತ ಹಾಕುತ್ತಾರೆ. ಕೈಬರಹದ ಕಾಲದಲ್ಲಿ ಇದು ಸರಿಯೇ. ಖಾಲಿ ಬಿಟ್ಟರೆ ಯಾರೋ ಪುಣ್ಯಾತ್ಮ ಪಕ್ಕದಲ್ಲಿ ಇನ್ನೊಂದು ಸೊನ್ನೆ ಸೇರಿಸಿಬಿಟ್ಟಾನು ಅನ್ನೋ ಭಯಕ್ಕೆ ಹುಟ್ಟಿದ ಗೀಟು ಅದು. ಆದರೆ ಎಕ್ಸೆಲ್‌ಗೆ ಆ ಗೀಟು ಕಂಡ ತಕ್ಷಣ ಇದು ದುಡ್ಡಲ್ಲ, ಬರಹ ಅನ್ನಿಸುತ್ತದೆ. ಬರಹವನ್ನು ಅದು ಕೂಡುವುದಿಲ್ಲ. ನಿಜವಾದ ಅಂಕಿ ಮನೆಯ ಬಲಗಡೆಗೆ ಒರಗಿ ಕೂರುತ್ತದೆ, ಬರಹ ಎಡಗಡೆಗೆ. ಅದನ್ನಾದರೂ ನೋಡಿ ಹಿಡಿಯೋಣ ಅಂದರೆ ಅವರು ಎಲ್ಲವನ್ನೂ ಮಧ್ಯಕ್ಕೆ ತಂದು ನಿಲ್ಲಿಸಿರುತ್ತಾರೆ. "ನೋಡೋಕೆ ಚೆನ್ನಾಗಿರುತ್ತೆ ಮೇಡಂ."

ಇದು ಬಯಲಾದದ್ದು ಒಂದು ವಿಡಿಯೊ ಕಾನ್ಫರೆನ್ಸ್‌ನಲ್ಲಿ. ಅವತ್ತು ಅವರು ತಮ್ಮ ಶೀಟನ್ನು ನನಗೆ ತೋರಿಸದೆ ನೇರವಾಗಿ ಮೇಲಕ್ಕೆ ಕಳಿಸಿದ್ದರು, ಟೈಮ್ ಇರಲಿಲ್ಲ ಅಂತ. ಇಡೀ ರಾಜ್ಯದ ಊರುಗಳು ಪುಟ್ಟ ಪುಟ್ಟ ಚೌಕಗಳಲ್ಲಿ ಕೂತಿದ್ದವು. ನಮ್ಮ ಸರದಿ ಬಂತು. ಪರದೆಯ ಮೇಲೆ ನಮ್ಮ ಶೀಟು ತೆರೆಯಿತು. ಕಾಮಗಾರಿಗಳ ಉದ್ದ ಪಟ್ಟಿ, ಪ್ರತಿಯೊಂದರ ಮುಂದೆ ಲಕ್ಷಗಟ್ಟಲೆ ಮೊತ್ತ, ಎಲ್ಲಕ್ಕೂ ಗೀಟು. ಕೆಳಗೆ ದಪ್ಪಕ್ಷರದಲ್ಲಿ, ಒಟ್ಟು ವೆಚ್ಚ: 0. ಪಕ್ಕದಲ್ಲಿ ಶೇಕಡಾವಾರು ಪ್ರಗತಿ: 0. ಆ ಮನೆ ತಾನಾಗೇ ಕೆಂಪಾಗಿತ್ತು.

ಆ ಕಡೆಯ ಹಿರಿಯ ಅಧಿಕಾರಿ ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. "ನಿಮ್ಮೂರಲ್ಲಿ ಜನ ಇದ್ದಾರೇನ್ರೀ?" ಅಂದರು.

ನಮ್ಮ ಸಾಹೇಬರು ಉತ್ತರ ಕೊಟ್ಟರು, ಮೈಕ್ ಆನ್ ಮಾಡದೆ. ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಸದ್ದಿಲ್ಲ. ಯಾರೋ ಹಿಂದಿನಿಂದ ಬಗ್ಗಿ ಮೈಕ್ ಒತ್ತುವ ಹೊತ್ತಿಗೆ ಅವರ ಮಾತು ಮುಗಿದಿತ್ತು. ಹಾಗಾಗಿ ರಾಜ್ಯಕ್ಕೆಲ್ಲ ಕೇಳಿಸಿದ್ದು ಮೂಲೆಯಲ್ಲಿ ಕೂತಿದ್ದ ನಮ್ಮ ಹಿರಿಯರ ದನಿ. "ಖರ್ಚಾಗಿದೆ ಸರ್, ಎಲ್ಲ ಖರ್ಚಾಗಿದೆ. ಎಕ್ಸೆಲ್‌ಗೆ ಗೊತ್ತಾಗ್ತಿಲ್ಲ ಅಷ್ಟೇ."

ಪಕ್ಕದ ಜಿಲ್ಲೆಯ ಚೌಕದಲ್ಲಿ ಒಬ್ಬರು ಟವೆಲಿನಿಂದ ಮುಖ ಮುಚ್ಚಿಕೊಂಡರು. ನಾನೂ ನಗುತ್ತಿದ್ದೆ, ಆ ಅಧಿಕಾರಿ ನಮಗೆ ಕೊಡುವ ನೋಟಿಸಿನ ಒಕ್ಕಣೆಯನ್ನು ಇಡೀ ಪರದೆಗೆ ಓದಿ ಹೇಳುವವರೆಗೆ. ಉತ್ತರ ತಯಾರಿಸಬೇಕಾದದ್ದು ಯಾರು? ನಾನು.

ಮರುದಿನ ಮೇಲೆ ಹೋಗಿ ಕೂತು ಹೇಳಿದೆ, ಗೀಟು ಬೇಡ ಸರ್. ಒಪ್ಪಿದರು. ಮುಂದಿನ ಶೀಟಿನಲ್ಲಿ ಒಂದೂ ಗೀಟಿಲ್ಲ. ಎಲ್ಲ ಕಡೆ 12,50,000=00. ಅದೂ ಬೇಡ ಅಂದೆ. ಆಮೇಲೆ ಮೊತ್ತದ ಹಿಂದೆ "ರೂ." ಬಂತು, ಮುಂದೆ "ಮಾತ್ರ" ಬಂತು. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಬರಿ ಅಂಕಿ ಒತ್ತಿದರೆ ಸಾಕು, ಗೀಟು ತಾನೇ ಮೂಡುವ ಹಾಗೆ ಫಾರ್ಮ್ಯಾಟ್ ಮಾಡಿಕೊಟ್ಟೆ. ಅಂಕಿ ಅಂಕಿಯಾಗಿಯೇ ಉಳಿಯುತ್ತದೆ, ಕಣ್ಣಿಗೆ ಗೀಟೂ ಕಾಣುತ್ತದೆ, ಇಬ್ಬರಿಗೂ ನೆಮ್ಮದಿ. ಅವರು ಒಂದು ಮೊತ್ತ ಒತ್ತಿ ನೋಡಿದರು, ಗೀಟು ಮೂಡಿತು. ಮೆಚ್ಚಿದರು. ಆಮೇಲೆ ಹಿಂದಕ್ಕೆ ಹೋಗಿ ತಮ್ಮದೊಂದು ಗೀಟು ಹಾಕಿದರು. "ಅದು ಕಂಪ್ಯೂಟರ್ ಹಾಕಿದ್ದು ಮೇಡಂ. ನಾನು ಹಾಕಿದ್ದಲ್ಲ."

ಹೀಗಾದರೆ ಆಗುವುದಿಲ್ಲ ಅಂತ ಆ ಕಾಲಮ್ಮಿಗೇ ಬೀಗ ಹಾಕಿದೆ. ಅಂಕಿ ಬಿಟ್ಟು ಬೇರೇನೂ ಒಳಗೆ ಹೋಗದ ಹಾಗೆ. ಅರ್ಧ ಗಂಟೆಯಲ್ಲಿ ಫೋನು. "ಮೇಡಂ, ನಿಮ್ಮ ಶೀಟು ಕೆಟ್ಟಿದೆ. ದುಡ್ಡು ತಗೊಳ್ತಾ ಇಲ್ಲ." ಗೀಟಿಲ್ಲದೆ ಕೊಟ್ಟು ನೋಡಿ, ತಗೊಳ್ಳುತ್ತೆ ಅಂದೆ. ಆ ಕಡೆ ದೀರ್ಘ ಮೌನ. ಸಂಜೆಗೆ ಅವರಿಂದ ಒಂದು ಫೋಟೊ ಬಂತು. ನನ್ನ ಖಾಲಿ ಶೀಟನ್ನೇ ಪ್ರಿಂಟ್ ತೆಗೆಸಿ, ಅಂಕಿಗಳನ್ನು ಪೆನ್ನಿನಲ್ಲಿ ಬರೆದು, ಪ್ರತಿಯೊಂದಕ್ಕೂ ಗೀಟೆಳೆದು, ಕೆಳಗೆ ಸಹಿ, ಸೀಲು, ಆಮೇಲೆ ಮೊಬೈಲಿನಲ್ಲಿ ಫೋಟೊ. ಮೂಲೆಯಲ್ಲಿ ಅವರ ಹೆಬ್ಬೆರಳೂ ಬಂದಿತ್ತು. ಟೋನರ್ ಇಲ್ಲದ ಕಾಲದಲ್ಲಿ ಖಾಲಿ ಶೀಟು ಪ್ರಿಂಟ್ ಆಗಿದ್ದು ಹೇಗೆ ಅನ್ನುವುದು ಬೇರೆಯದೇ ತನಿಖೆ.

ಆ ಫೋಟೊ ನೋಡಿ ಟೈಪ್ ಮಾಡುತ್ತಾ ಸಿಟ್ಟು ಬಂದಿದ್ದು ನಿಜ. ಆದರೆ ಅವರ ಅಕ್ಷರ ಮುತ್ತಿನ ಸಾಲು, ಅದನ್ನೂ ಹೇಳಬೇಕು. ನಮ್ಮ ವಿಭಾಗದ ಕಬ್ಬಿಣದ ಬೀರುವಿನಲ್ಲಿ ಹಳೆಯ ಅನುದಾನ ರಿಜಿಸ್ಟರ್‌ಗಳಿವೆ, ಅಂಥದೇ ಅಕ್ಷರದಲ್ಲಿ. ಒಂದು ಅನುದಾನಕ್ಕೆ ಒಂದು ಪುಟ. ಜಮೆ ನೀಲಿ ಶಾಯಿ, ಖರ್ಚು ಕೆಂಪು. ಬಲತುದಿಯಲ್ಲಿ ಷರಾ ಅಂತ ಒಂದು ಕಾಲಮ್ಮು. ಅದರಲ್ಲಿ ಯಾರೋ, ಬಹುಶಃ ಈಗ ನಿವೃತ್ತಿಯಾಗಿ ಎಲ್ಲೋ ಇರುವವರು, ಬರೆದಿದ್ದಾರೆ: "ಬೋರು ಫೇಲು." "ಎರಡಿಂಚು ನೀರು, ಸಿಹಿ ಇದೆ." "ಚರಂಡಿ ಮುಗಿದಿದೆ, ಕೊನೇ ಮನೆಯವರು ಬಿಡುತ್ತಿಲ್ಲ." ಒಂದು ಕಡೆ ಬರೀ "ನೋಡಿ ಬಂದೆ."

ಹಣ ಬಳಕೆ ಪ್ರಮಾಣಪತ್ರ, ನಮ್ಮ ಬಾಯಲ್ಲಿ ಯುಸಿ, ಅದರ 12-ಎ ನಮೂನೆಯಲ್ಲೂ ಹೀಗೇ ಒಂದು ಮಾತಿದೆ. ಷರತ್ತುಗಳು ಪೂರೈಸಿವೆ, ಮಂಜೂರಾದ ಉದ್ದೇಶಕ್ಕೇ ಹಣ ಹೋಗಿದೆ ಅಂತ ಸಹಿ ಹಾಕುವವರು ತಾವೇ ಪರಿಶೀಲಿಸಿ ಮನದಟ್ಟು ಮಾಡಿಕೊಂಡಿದ್ದೇವೆ ಅಂತ. ಎಷ್ಟೋ ನೀರಿನ ಟ್ಯಾಂಕುಗಳ ಯುಸಿ ನನ್ನ ಟೇಬಲ್ಲಿನಿಂದ ಹೋಗಿವೆ. ಅವುಗಳ ಅಂದಾಜು ಮೊತ್ತ ಪೈಸೆ ಸಮೇತ ಗೊತ್ತು, ಬಣ್ಣ ಗೊತ್ತಿಲ್ಲ. ಈಗಿನ ಪೋರ್ಟಲ್‌ನಲ್ಲಿ ಷರಾ ಜಾಗದಲ್ಲಿ ಆಯ್ಕೆ ಪಟ್ಟಿ ಇದೆ: ಪೂರ್ಣ, ಪ್ರಗತಿಯಲ್ಲಿ, ಪ್ರಾರಂಭವಾಗಿಲ್ಲ. ನೀರು ಸಿಹಿ ಇದ್ದರೆ ಒತ್ತುವ ಬಟನ್ ಇಲ್ಲ.

ಸರಿ, ಗೀಟಿನ ಕಥೆ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಲೆಕ್ಕಪರಿಶೋಧನೆಯವರು ಬಂದರು. ನಮ್ಮ ಹಳೇ ಕುರ್ಚಿಗಳಲ್ಲಿ ವಾರಗಟ್ಟಲೆ ಕೂತರು, ಕಡತ ತೆಗೆಸಿದರು, ಒಂದೊಂದು ವೋಚರಿಗೂ ಟಿಕ್ ಹಾಕಿದರು. ಇತ್ತೀಚೆಗೆ ಅವರ ವರದಿ ಬಂತು. ಟೆಂಡರು, ಅಳತೆ ಪುಸ್ತಕ, ಬಡ್ಡಿ ವಾಪಸ್ಸು ಕಟ್ಟದ್ದು, ಇಂಥ ಮಾಮೂಲಿ ಆಕ್ಷೇಪಣೆಗಳ ನಡುವೆ ನನ್ನ ವಿಭಾಗದ ಮೇಲೆ ಒಂದೇ ಒಂದು ಕಂಡಿಕೆ. ವೆಚ್ಚದ ತಃಖ್ತೆಗಳಲ್ಲಿ ಮೊತ್ತದ ಮುಂದೆ "/-" ಚಿಹ್ನೆ ನಮೂದಿಸದೆ ಇರುವುದರಿಂದ ಅಂಕಿ ತಿದ್ದಲು ಅವಕಾಶವಿದ್ದು, ಈ ಬಗ್ಗೆ ಸಮಜಾಯಿಷಿ ನೀಡುವುದು.

ಕಾಮಗಾರಿ ವಿಭಾಗದ ಕಾಗದಗಳ ಮೇಲೆ ಈ ಆಕ್ಷೇಪಣೆ ಇಲ್ಲ.

"ಇನ್ನು ಮುಂದೆ ಸೂಕ್ತ ಕ್ರಮ ವಹಿಸಲಾಗುವುದು" ಅಂತ ಉತ್ತರ ಬರೆದು ಸಹಿಗೆ ಕಳಿಸಿದೆ. ಹಿರಿಯರು ನನ್ನನ್ನು ಏನೂ ಕೇಳಲಿಲ್ಲ, ಒಂದು ಮಾತು ಆಡಲಿಲ್ಲ. ದೊಡ್ಡ ಮನುಷ್ಯ. ನಿನ್ನೆ ಯಾವುದೋ ಬಿಲ್ಲಿಗೆ ಅವರ ಹತ್ತಿರ ಹೋಗಿದ್ದೆ. ಆ ಕಂಡಿಕೆಯ ಜೆರಾಕ್ಸ್ ಮಾಡಿಸಿ, ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಓದುವವರ ಕಡೆ ಮುಖ ಮಾಡಿ.