ಬೈಕ್ ಮಾಡಿಫೈ ಮಾಡಿಸುವವರ ಖರ್ಚಿನ ಹಾಳೆ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಬುಲೆಟ್ಟನ್ನೋ ಯೆಜ್ಡಿಯನ್ನೋ ಯಮಹಾದ ಆರ್‌ಎಕ್ಸ್ 100 ಗಾಡಿಯನ್ನೋ ಕೊಂಡು, ಅದನ್ನು ತಮ್ಮ ಮನಸ್ಸಿಗೆ ಒಪ್ಪುವಂತೆ ಮಾಡಿಸಿಕೊಳ್ಳಬೇಕೆನ್ನುವ ಹುಡುಗರು ಮೊದಲು ಕೇಳುವುದು ಒಂದೇ ಪ್ರಶ್ನೆ: ಒಟ್ಟು ಎಷ್ಟಾಗುತ್ತದೆ? ಗಾಡಿ ಬಿಚ್ಚುವ ಮೊದಲೇ ಇದಕ್ಕೆ ಒಂದೇ ಮೊತ್ತ ಹೇಳುವ ಮೆಕ್ಯಾನಿಕ್ ಅನುಭವವಿಲ್ಲದವನಾಗಿರುತ್ತಾನೆ, ಇಲ್ಲವೇ ಮುಂದೆ ಮೊತ್ತ ಬೆಳೆಯುತ್ತದೆಂದು ಗೊತ್ತಿದ್ದೂ ಸುಮ್ಮನಿರುವವನಾಗಿರುತ್ತಾನೆ. ಯಾವ ಗ್ಯಾರೇಜಿನ ಹಿತ್ತಲಿಗೆ ಹೋದರೂ ಟ್ಯಾಂಕು ಒಂದು ಕಡೆ, ಇಂಜಿನ್ ಒಂದು ಕಡೆ ಬಿದ್ದಿರುವ, ಮಾಲೀಕ ತಿಂಗಳುಗಟ್ಟಲೆ ಮುಖ ತೋರಿಸದ ಗಾಡಿಯೊಂದು ಕಣ್ಣಿಗೆ ಬೀಳುತ್ತದೆ. ಅದರ ಮಾಲೀಕನಿಗೆ ದುಡ್ಡೇ ಇರಲಿಲ್ಲವೆಂದಲ್ಲ. ಅವನ ಲೆಕ್ಕದಲ್ಲಿ ಹೊಸ ಭಾಗಗಳ ಬೆಲೆ ಮಾತ್ರ ಇತ್ತು, ಆ ಭಾಗಗಳು ತಮ್ಮ ಬೆನ್ನಿಗೆ ಎಳೆದುಕೊಂಡು ಬರುವ ಖರ್ಚು ಇರಲಿಲ್ಲ.

ಹ್ಯಾಂಡಲ್ ಬದಲಾವಣೆಯನ್ನೇ ನೋಡಿ. ಮಾಡಿಫಿಕೇಶನ್ನಿನಲ್ಲಿ ಎಲ್ಲಕ್ಕಿಂತ ಅಗ್ಗದ ಕೆಲಸ ಇದೇ ಎಂದು ಎಲ್ಲರೂ ತಿಳಿದಿದ್ದಾರೆ. ಎತ್ತರದ ಹ್ಯಾಂಡಲ್ ಹಾಕಿದ ಕೂಡಲೇ ಕ್ಲಚ್ ಕೇಬಲ್ ಸಾಲುವುದಿಲ್ಲ, ಆಕ್ಸಿಲರೇಟರ್ ಕೇಬಲ್ ಬಿಗಿಯಾಗುತ್ತದೆ, ಡಿಸ್ಕ್ ಬ್ರೇಕ್ ಇದ್ದರೆ ಆಯಿಲ್ ಹೋಸ್ ಎಳೆದಂತಾಗುತ್ತದೆ, ಸ್ವಿಚ್ಚಿನ ವೈರುಗಳಿಗೆ ಜೋಡಣೆ ಬೇಕಾಗುತ್ತದೆ. ತಗ್ಗಿನ ಹ್ಯಾಂಡಲ್ ಹಾಕಿದರೆ ಪೂರ್ತಿ ತಿರುಗಿಸಿದಾಗ ಬ್ರೇಕ್ ಲಿವರ್ ಟ್ಯಾಂಕಿಗೆ ತಾಗಿ ಹೊಸ ಬಣ್ಣ ಏಳುತ್ತದೆ, ನಡುವೆ ಬೆರಳು ಸಿಕ್ಕಿದರೆ ಬೆರಳೂ ಹೋಗುತ್ತದೆ. ಕೆಲಸ ಸರಿಯಾಗಿದೆಯೇ ಎಂದು ನೋಡುವ ಬಗೆ ಸರಳವಾಗಿದೆ. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ. ಆಗ ಇಂಜಿನ್ ಸದ್ದು ಸ್ವಲ್ಪ ಏರಿದರೂ ಕೇಬಲ್ ಗಿಡ್ಡವಾಗಿದೆ ಎಂದರ್ಥ. ಅಂಥ ಗಾಡಿಯನ್ನು ಕೊಪ್ಪಿಕರ ರಸ್ತೆಯ ದಟ್ಟಣೆಯಲ್ಲಿ ಯು-ಟರ್ನ್ ಮಾಡಿದರೆ ಅದು ತಾನಾಗಿಯೇ ಮುನ್ನುಗ್ಗುತ್ತದೆ. ಹೀಗಾಗಿ ಹಾಳೆಯಲ್ಲಿ "ಹ್ಯಾಂಡಲ್" ಎಂದು ಬರೆದ ಸಾಲಿನ ಕೆಳಗೆ ಕೇಬಲ್, ಹೋಸ್, ವೈರಿಂಗ್, ಕೂಲಿ ಎಂಬ ಸಾಲುಗಳೂ ಇರಬೇಕು. ದಪ್ಪ ಟಯರಿನ ಕಥೆಯೂ ಇದೇ. ರಿಮ್ಮಿನ ಅಗಲ ಹೊಂದದಿದ್ದರೆ ಟಯರಿನ ಆಕಾರ ಕೆಟ್ಟು ತಿರುವಿನಲ್ಲಿ ಹಿಡಿತ ಕಡಿಮೆಯಾಗುತ್ತದೆ, ಕೆಲವು ಗಾಡಿಗಳಲ್ಲಿ ಚೈನಿಗೋ ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೋ ಉಜ್ಜುತ್ತದೆ.

ಅಂದಾಜು ಪಟ್ಟಿಯನ್ನು ಎರಡು ಸಲ ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಬಿಚ್ಚುವ ಮೊದಲು ಒಮ್ಮೆ, ಬಿಚ್ಚಿ ತೊಳೆದ ಮೇಲೆ ಇನ್ನೊಮ್ಮೆ. ಹಳೆಯ ಯೆಜ್ಡಿ ಮತ್ತು ಆರ್‌ಎಕ್ಸ್ 100 ಎರಡರ ತಯಾರಿಕೆಯೂ 1996ರಲ್ಲಿಯೇ ನಿಂತಿತು. ಎಂದ ಮೇಲೆ ಇಂದು ಸಿಗುವ ಅಂಥ ಗಾಡಿಗಳಲ್ಲಿ ಎಲ್ಲಕ್ಕಿಂತ ಹೊಸದೂ ಮೂವತ್ತರ ಆಸುಪಾಸಿನ ವಯಸ್ಸಿನದು. ಅದರ ಹ್ಯಾಂಡಲ್ ಕೋನು, ಸ್ವಿಂಗ್ ಆರ್ಮ್ ಬುಷ್, ಚಕ್ರದ ಬೇರಿಂಗ್, ಫೋರ್ಕ್ ಸೀಲುಗಳ ಸ್ಥಿತಿ ಹೊರಗಿನಿಂದ ತಿಳಿಯುವುದಿಲ್ಲ. ಟ್ಯಾಂಕಿನ ಪೆಟ್ರೋಲನ್ನೆಲ್ಲ ಬಸಿದು, ಒಣಗಿಸಿ, ಮುಚ್ಚಳ ತೆಗೆದು ಬ್ಯಾಟರಿ ಬೆಳಕು ಬಿಟ್ಟು ನೋಡಿದಾಗ ತಳದಲ್ಲಿ ಕಂದು ಪುಡಿ ಕಂಡರೆ, ಮೇಲೆ ಎಷ್ಟು ಚೆಂದದ ಬಣ್ಣ ಹೊಡೆಸಿದರೂ ಆ ಪುಡಿ ಕಾರ್ಬ್ಯುರೇಟರಿಗೆ ಇಳಿದೇ ಇಳಿಯುತ್ತದೆ. ಆದ್ದರಿಂದ ಹಳೆಯ ಗಾಡಿಗೆ ಒಟ್ಟು ಮೊತ್ತದ ಕಾಲು ಭಾಗವನ್ನು ಕಾಣದ ಖರ್ಚಿಗೆಂದು ಮುಟ್ಟದೆ ಇಡಬೇಕು. ಐದಾರು ವರ್ಷದ ಗಾಡಿಯಾದರೆ ಹತ್ತನೆಯ ಒಂದು ಭಾಗ ಸಾಕು. ಆ ಕಾಲು ಭಾಗವನ್ನು ತೆಗೆದಿಡಲು ಆಗದವರು ಬಯಕೆಯ ಪಟ್ಟಿಯಲ್ಲಿ ಒಂದೆರಡನ್ನು ಹೊಡೆದುಹಾಕಬೇಕೇ ಹೊರತು ಬೇರಿಂಗಿನಲ್ಲಿ ಉಳಿಸಲು ಹೋಗಬಾರದು.

ನನ್ನ ಬಳಿ 50,000 ರೂಪಾಯಿ ಇದೆ ಎಂದುಕೊಳ್ಳಿ. ಅದರಲ್ಲಿ 12,500 ರೂಪಾಯಿಯನ್ನು ಬದಿಗಿಡುತ್ತೇನೆ. ಉಳಿದದ್ದು ಮೊದಲು ಬ್ರೇಕ್, ಟಯರ್, ಚೈನು-ಸ್ಪ್ರಾಕೆಟ್, ಶಾಕ್ ಅಬ್ಸಾರ್ಬರ್, ವೈರಿಂಗಿಗೆ ಹೋಗಬೇಕು. ಆಮೇಲೆ ಸೀಟು. ಬಣ್ಣ, ಕ್ರೋಮ್, ಲೋಗೋಗಳ ಸರದಿ ಕೊನೆಗೆ. ಬಹಳ ಜನ ಈ ಕ್ರಮವನ್ನು ತಲೆಕೆಳಗು ಮಾಡಿ, ಹಳೆಯ ಬ್ರೇಕ್ ಶೂ ಇಟ್ಟುಕೊಂಡೇ ಆಮದು ಮಾಡಿದ ಕನ್ನಡಿ ಹಾಕಿಸುತ್ತಾರೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಸೀಟಿನ ವಿಷಯದಲ್ಲಿ ಒಂದು ಮಾತು. ಫೋಟೋದಲ್ಲಿ ಚೆಂದ ಕಾಣುವ ತೆಳು, ಚಪ್ಪಟೆ ಸೀಟಿನ ಮೇಲೆ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗಿ ಬಂದವರು ಮರುದಿನವೇ ಸೀಟಿನ ಅಂಗಡಿಗೆ ಮರಳುತ್ತಾರೆ. ರೆಕ್ಸಿನ್ ಹೊಲಿಯುವ ಮೊದಲು ಬರೀ ಫೋಮಿನ ಮೇಲೆ ಕುಳಿತು, ತೊಡೆ ಒತ್ತುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿ ಕೆತ್ತಿಸಿಕೊಂಡರೆ ಎರಡನೇ ಸಲದ ಕೂಲಿ ಉಳಿಯುತ್ತದೆ.

ಮಡ್‌ಗಾರ್ಡಿನ ಬಗ್ಗೆ ನಮ್ಮ ಸೀಮೆಯವರಾದರೂ ಎಚ್ಚರದಿಂದಿರಬೇಕು. ಮೊಬೈಲಿನಲ್ಲಿ ತೋರಿಸುವ ವಿದೇಶಿ ಗಾಡಿಗಳಿಗೆ ಹಿಂದಿನ ಮಡ್‌ಗಾರ್ಡೇ ಇರುವುದಿಲ್ಲ (ಬಹಳಷ್ಟಕ್ಕೆ ನಂಬರ್ ಪ್ಲೇಟೂ ಇರುವುದಿಲ್ಲ, ಅದನ್ನು ಯಾರೂ ಗಮನಿಸುವುದಿಲ್ಲ). ನವಲಗುಂದ, ನರಗುಂದ, ರೋಣದ ಎರೆ ಹೊಲದ ದಾರಿಯಲ್ಲಿ ಒಂದು ಮಳೆ ಬಿದ್ದ ಮೇಲೆ ಓಡಿಸಿದವರಿಗೆ ಇದರ ಫಲ ಗೊತ್ತು. ಮಡ್‌ಗಾರ್ಡ್ ಕತ್ತರಿಸಿದರೆ ಕೆಸರು ಬೆನ್ನಿನವರೆಗೆ ಹಾರುತ್ತದೆ. ಟಯರ್ ದಪ್ಪ ಮಾಡಿ ಮಡ್‌ಗಾರ್ಡನ್ನು ಹಾಗೇ ಬಿಟ್ಟರೆ ಎರೆ ಮಣ್ಣು ಎರಡರ ನಡುವೆ ಮೆತ್ತಿಕೊಂಡು ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಗಾಡಿ ಯಾವ ರಸ್ತೆಯಲ್ಲಿ ಓಡಬೇಕೆಂಬುದನ್ನು ಹಾಳೆಯ ಮೊದಲ ಸಾಲಿನಲ್ಲಿಯೇ ಬರೆಯಿರಿ ಎನ್ನುವುದು ಇದೇ ಕಾರಣಕ್ಕೆ.

ಸೈಲೆನ್ಸರಿಗೆ ನಾನು ಒಂದು ರೂಪಾಯಿಯನ್ನೂ ಬರೆಯುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಮಿತಿಯ ನಿಯಮ) ಗಾಡಿಗಳಲ್ಲಿ ಸೈಲೆನ್ಸರ್ ಬರೀ ಸದ್ದಿನ ಕೊಳವೆಯಲ್ಲ. ಅದರ ಜೊತೆಗೆ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುವುದರಿಂದ, ಅದನ್ನು ಕಿತ್ತರೆ ಪೆಟ್ರೋಲ್-ಗಾಳಿಯ ಹದವೇ ತಪ್ಪಬಹುದು. ಕಾನೂನಂತೂ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ ನಿಯಮ ಮೀರಿದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ಚಾಸಿಸ್ ಕತ್ತರಿಸುವುದು, ಬೇರೆ ಗಾಡಿಯ ಇಂಜಿನ್ ಕೂಡಿಸುವುದು ಬಜೆಟ್ಟಿನ ಪ್ರಶ್ನೆಯೇ ಅಲ್ಲ, ಅವು ಪಟ್ಟಿಗೆ ಬರಲೇಬಾರದು. ಬಣ್ಣ ಬದಲಿಸುವುದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ನಮೂದು ಮಾಡಿಸುವ ಖರ್ಚು ಮತ್ತು ಓಡಾಟವನ್ನು ಪಟ್ಟಿಗೆ ಸೇರಿಸಿ. ಹದಿನೈದು ವರ್ಷ ದಾಟಿದ ಗಾಡಿಯನ್ನು ಕೊಳ್ಳುವ ಮೊದಲೇ ಅದರ ಆರ್‌ಸಿ ನವೀಕರಣವಾಗಿದೆಯೇ ಎಂದು ನೋಡಿಕೊಳ್ಳಿ. ಕಾಗದವಿಲ್ಲದ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಅಗ್ಗವಲ್ಲ.

ಹೆಚ್ಚಿನ ದೀಪ ಹಾಕಿಸುವವರು ಸ್ವಲ್ಪ ಲೆಕ್ಕ ಹಾಕಬೇಕು. 40 ವಾಟಿನ ಎರಡು ದೀಪಗಳೆಂದರೆ 12 ವೋಲ್ಟಿನಲ್ಲಿ ಸುಮಾರು 6.7 ಆಂಪಿಯರ್ ಹೆಚ್ಚುವರಿ ಕರೆಂಟು. ಇದನ್ನು ಹಳೆಯ ಸ್ವಿಚ್ಚಿನ ಮೂಲಕವೇ ಹರಿಸಿದರೆ ಸ್ವಿಚ್ಚು ಕರಗಬಹುದು. ಆದ್ದರಿಂದ ದೀಪದ ಬೆಲೆಯ ಜೊತೆಗೆ ರಿಲೇ (ಹೆಚ್ಚಿನ ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹರಿಸುವ ಭಾಗ), ಫ್ಯೂಸ್, ಸರಿಯಾದ ದಪ್ಪದ ವೈರಿನ ಬೆಲೆಯೂ ಬರಬೇಕು.

ಇನ್ನು ಕಾಲದ ಲೆಕ್ಕ. ಲೇತ್, ವೆಲ್ಡಿಂಗ್ ಕೆಲಸಗಳಿಗೆ ಗೋಕುಲ ರಸ್ತೆಯ ಕೈಗಾರಿಕಾ ವಸಾಹತು ಇರುವುದರಿಂದ ನಾವು ಪುಣ್ಯವಂತರು. ಆದರೆ ಹಳೆಯ ಗಾಡಿಗಳ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಅಥವಾ ದೆಹಲಿಯ ಕರೋಲ್ ಬಾಗಿನ ದಾರಿ ಕಾಯಬೇಕಾಗುತ್ತದೆ. ಆಯುಧ ಪೂಜೆಗೆ ಗಾಡಿ ತಯಾರಾಗಬೇಕೆಂದು ಶ್ರಾವಣದಲ್ಲಿ ಕೆಲಸ ಶುರು ಮಾಡುವುದು ನಮ್ಮಲ್ಲಿ ರೂಢಿಯಾಗಿದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೆರೆದ ಶೆಡ್ಡಿನಲ್ಲಿ ಬಣ್ಣ ಹೊಡೆದರೆ ತೇವ ಸಿಕ್ಕಿಬಿದ್ದು ಮೇಲ್ಮೈ ಬೆಳ್ಳಗೆ ಮಂಕಾಗುತ್ತದೆ, ಹಬ್ಬದ ಮುನ್ನ ಪೇಂಟರಿಗೂ ಪುರಸೊತ್ತು ಇರುವುದಿಲ್ಲ. ದೀಪಾವಳಿ ಮುಗಿದ ಮೇಲೆ ಬಿಚ್ಚಿ, ಒಣ ಹವೆಯಲ್ಲಿ ಬಣ್ಣ ಮಾಡಿಸಿ, ಯುಗಾದಿಗೆ ರಸ್ತೆಗಿಳಿಸುವುದು ಎಷ್ಟೋ ಮೇಲು.

ದುಡ್ಡನ್ನು ಹಂತ ಹಂತವಾಗಿ ಕೊಡಿ, ಯಾವ ಕೆಲಸಕ್ಕೆ ಎಷ್ಟು ಎಂದು ಪ್ರತಿ ಸಲವೂ ಹಾಳೆಯ ಮೇಲೆ ಬರೆಸಿಕೊಳ್ಳಿ. ಮಾಡಿಸಿದ ಬದಲಾವಣೆಗಳನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸದಿದ್ದರೆ ಅಪಘಾತವಾದಾಗ ಕ್ಲೇಮಿಗೆ ತಕರಾರು ಬರುವ ಸಾಧ್ಯತೆ ಇರುವುದರಿಂದ ಆ ಪತ್ರದ ಪ್ರತಿಯೂ ಇದೇ ಹಾಳೆಗಳ ಜೊತೆ ಇರಲಿ. ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಿ. ಗಾಡಿ ಮಾರುವ ದಿನ ಬಂದಾಗ ಕೊಳ್ಳುವವನು ಕೇಳುವುದು ಕಂಪನಿಯ ಹ್ಯಾಂಡಲ್, ಕಂಪನಿಯ ಸೀಟು ಎಲ್ಲಿವೆ ಎಂದೇ. ನೀವು ಹಾಕಿಸಿದ ಭಾಗಗಳಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧವೂ ಅವನಿಂದ ಬರುವುದಿಲ್ಲ ಎಂಬುದನ್ನೂ ಹಾಳೆಯ ಕೊನೆಯಲ್ಲಿ ಬರೆದಿಟ್ಟುಕೊಂಡು, ಆಮೇಲೂ ಮನಸ್ಸು ಬಂದರೆ ಗಾಡಿ ಬಿಚ್ಚಿಸಿ.