ಉಗ್ರಾಣಕ್ಕೊಬ್ಬ ಸೋದರತ್ತೆ ಬೇಕಾಗಿದ್ದಾರೆ

ನಮ್ಮ ಮನೆತನದ ಮದುವೆಗಳಲ್ಲಿ ಉಗ್ರಾಣಕ್ಕೆ ಸೋದರತ್ತೆಯೇ ಖಾಯಂ. ಸೊಂಟದಲ್ಲಿ ಬೀಗದಕೈ ಗೊಂಚಲು, ಕೈಯಲ್ಲಿ ಮೊಂಡು ಪೆನ್ಸಿಲ್ಲು, ಮಡಚಿ ಮಡಚಿ ಹರಿದ ನೋಟ್‌ಬುಕ್ಕು. ಬಂದ ತೆಂಗಿನಕಾಯಿ ಎಷ್ಟು, ಒಡೆದದ್ದೆಷ್ಟು, ಪಕ್ಕದ ಮನೆಯಿಂದ ತಂದ ಸೌಟೆಷ್ಟು, ಎಲ್ಲ ಅದರಲ್ಲಿದೆ. ಓದಿದ್ದು ಐದನೇ ಕ್ಲಾಸು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸುದ್ದಿ ಬಂದಾಗಲೆಲ್ಲ ನನಗೆ ಅತ್ತೆಯೇ ನೆನಪಾಗುತ್ತಾರೆ.

2023ರ ಆಗಸ್ಟಿನಲ್ಲಿ ಆ ದೊಡ್ಡಮನೆಯವರು ಬಾಯಿಬಿಟ್ಟರಲ್ಲ, ಉಗ್ರಾಣದ ಸಾಮಾನು ಕಳುವಾಗಿದೆ, ಹಾಳಾಗಿದೆ ಅಂತ. ಎಷ್ಟು? ಸುಮಾರು 2,000. ನನಗೆ ಬಹಳ ಹಿಡಿಸಿದ್ದು ಆ ‘ಸುಮಾರು’. ಪಾಪ, ಮನೆಯಲ್ಲಿರುವುದು 80 ಲಕ್ಷ ವಸ್ತು. ಅದರಲ್ಲಿ ಎಷ್ಟೋ ಲಕ್ಷಕ್ಕೆ ಪೂರ್ತಿ ದಾಖಲೆಯೇ ಇರಲಿಲ್ಲ. ಪಟ್ಟಿಯಲ್ಲೇ ಇಲ್ಲದ ಹರಳು ಕಳೆದುಹೋದರೆ ಅಳುವವರಾದರೂ ಯಾರು?

ಸಾಮಾನು ಇ-ಬೇ ಎಂಬ ಆನ್‌ಲೈನ್ ಸಂತೆಯಲ್ಲಿ ಬಿಕರಿಯಾಗುತ್ತಿತ್ತು. ಸಾವಿರಾರು ಪೌಂಡ್ ಬಾಳುವ ರೋಮನ್ ಕಾಲದ ಕೆತ್ತನೆಗೆ 40 ಪೌಂಡಿನಿಂದ ಹರಾಜು ಶುರುವಾಗಿತ್ತಂತೆ. ನಮ್ಮ ಗುಜರಿಯವನೂ ಹಿತ್ತಾಳೆ ತಪ್ಪಲೆಯನ್ನು ಒಮ್ಮೆ ತಟ್ಟಿ ನೋಡಿ ಬೆಲೆ ಹೇಳುತ್ತಾನೆ.

ಕಳೆಯುವ ಕಲೆ ಆ ಊರಿಗೆ ಹೊಸದಲ್ಲ ಬಿಡಿ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ ಇದೆಯಲ್ಲ (ಅದೀಗ ಬೇರೆ ಮ್ಯೂಸಿಯಮ್ಮಿನಲ್ಲಿದೆ), ಅದನ್ನು ಮೊದಲು ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಇಟ್ಟಿದ್ದರು. ಹಿಡಿಕೆ ತಿರುಗಿಸಿದರೆ ಹುಲಿ ಗುರ್ ಎನ್ನಬೇಕು, ಅದರ ಕೆಳಗೆ ಬಿದ್ದ ಬಿಳಿ ದೊರೆ ನರಳಬೇಕು. ಬಂದವರೆಲ್ಲ ತಿರುಗಿಸಿದ್ದೇ ತಿರುಗಿಸಿದ್ದು. ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತಿದ್ದವರು ರೋಸಿಹೋದರು. ಒಂದು ದಿನ ನೋಡಿದರೆ ಹಿಡಿಕೆಯೇ ನಾಪತ್ತೆ! ಹುಲಿ ಬಾಯಿ ಮುಚ್ಚಿತು, ಓದುಗರು ನಿಟ್ಟುಸಿರುಬಿಟ್ಟರು.

ಎಲ್ಲಿದ್ದೆ? ಹಾಂ, ಲೆಕ್ಕ.

ಗ್ರೀಸಿನವರು ತಮ್ಮ ಪಾರ್ಥೆನಾನ್ ದೇಗುಲದ ಶಿಲ್ಪ ವಾಪಸು ಕೊಡಿ ಎಂದು ಈ ಮ್ಯೂಸಿಯಮ್ಮನ್ನು ಕೇಳಿ ಕೇಳಿ ಸೋತಿದ್ದಾರೆ. ಕೊಡಬೇಕೆಂದು ಆಸೆಯೇನೋ ಇರಬಹುದು, ಸಂಗ್ರಹದ ವಸ್ತು ಹೊರಗೆ ಹೋಗದಂತೆ ತಡೆಯುವ 1963ರ ಕಾಯ್ದೆ ಬಿಡಬೇಕಲ್ಲ ಸ್ವಾಮಿ. ಆ ಕಾಯ್ದೆ ಮುಂಬಾಗಿಲನ್ನು ಎಷ್ಟು ನಿಷ್ಠೆಯಿಂದ ಕಾಯುತ್ತದೆಂದರೆ, ಹಿತ್ತಿಲ ಕಡೆ ನೋಡಲು ಅದಕ್ಕೆ ಪುರಸೊತ್ತೇ ಇಲ್ಲ.

ನಗು ನಿಲ್ಲುವುದು ಇಲ್ಲಿ. ಇಟ್ಟೈ ಗ್ರೇಡೆಲ್ ಎಂಬ ಡೆನ್ಮಾರ್ಕಿನ ಪುರಾತನ ವಸ್ತುಗಳ ವ್ಯಾಪಾರಿ ಈ ಕಳವನ್ನು 2021ರ ಫೆಬ್ರವರಿಯಲ್ಲೇ ಪುರಾವೆ ಸಮೇತ ಮ್ಯೂಸಿಯಮ್ಮಿಗೆ ಬರೆದು ತಿಳಿಸಿದ್ದ. ಎಲ್ಲ ಇದೆ, ಚಿಂತೆ ಬೇಡ ಎಂಬ ಉತ್ತರ ಹೋಯಿತು. ಎರಡು ವರ್ಷದ ಮೇಲೆ ಹಗರಣ ಬಯಲಾದಾಗ ಮ್ಯೂಸಿಯಮ್ಮಿನ ಆಗಿನ ನಿರ್ದೇಶಕ ಹಾರ್ಟ್‌ವಿಗ್ ಫಿಶರ್ ಆತನ ಮೇಲೇ ಗೂಬೆ ಕೂರಿಸಿದರು, ಗೊತ್ತಿದ್ದದ್ದನ್ನೆಲ್ಲ ಅವನು ಹೇಳಿರಲಿಲ್ಲ ಅಂತ. ಎರಡೇ ದಿನಕ್ಕೆ ಮಾತು ವಾಪಸು, ವಿಷಾದ, ರಾಜೀನಾಮೆ. ಬಾಗಿಲು ತಟ್ಟಿ ‘ನಿಮ್ಮನೇಲಿ ಕಳ್ಳ ಇದಾನೆ’ ಎಂದವನನ್ನು ಅನುಮಾನಿಸುವುದು ಎಂಥ ದೊಡ್ಡಸ್ತಿಕೆ? ಇಂಥವರಿಂದ ಜಗತ್ತು ಸಂರಕ್ಷಣೆಯ ಪಾಠ ಹೇಳಿಸಿಕೊಳ್ಳಬೇಕು. ಸಾಕಾಗಿದೆ.

ಆಮೇಲೆ 600ಕ್ಕೂ ಹೆಚ್ಚು ವಸ್ತು ಸಿಕ್ಕವು. ಹಾಗೆ ಸಿಕ್ಕ ಹರಳುಗಳಲ್ಲಿ ಕೆಲವನ್ನು 2024ರಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶನವನ್ನೂ ಮಾಡಿದರು. ಕಳುವಾಗಿ ಬಂದರೆ ಬಡ್ತಿ!

ನನ್ನ ತಂಗಿಯ ಮದುವೆಯಲ್ಲಿ ಒಂದು ಸೌಟು ಕಮ್ಮಿ ಬಂತು. ಗಂಡಿನ ಕಡೆಯ ಬಸ್ಸು ಹೊರಟು ನಿಂತಿತ್ತು. ಅತ್ತೆ ಅಡ್ಡ ನಿಂತು, ಮುಕ್ಕಾಲು ಗಂಟೆ ಹುಡುಕಿಸಿ, ಪುಳಿಯೋಗರೆ ಡಬ್ಬಿಯೊಳಗಿಂದ ಅದನ್ನು ತೆಗೆಸಿದರು. ಸೆರಗಿನಲ್ಲಿ ಒರೆಸಿ, ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆದು, ಆಮೇಲೆ ಡ್ರೈವರಿಗೆ ಅಂದರು: ‘ಈಗ ಹೊರಡಪ್ಪ.’