ಹಡಗನ್ನಷ್ಟೇ ನೋಡಿ ಬರಬೇಡಿ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ಗೆ ಹೋಗಿಬಂದವರೆಲ್ಲ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿರುವ ವಾಸಾ ಎಂಬ ಹಳೆಯ ಯುದ್ಧಹಡಗಿನ ಮುಂದೆ ನಿಂತ ಫೋಟೊ ಹಾಕುತ್ತಾರೆ. ನಾನೂ ತೆಗೆಸಿಕೊಂಡಿದ್ದೇನೆ. ಆದರೆ ಪ್ಯಾಕೇಜ್ ಪ್ರವಾಸದಲ್ಲಿ ಆ ವಸ್ತುಸಂಗ್ರಹಾಲಯಕ್ಕೆ ಸಿಗುವ ಒಂದು ಗಂಟೆ ಏನೇನೂ ಸಾಲದು. ಗಂಟೆಯೆಲ್ಲ ಹಡಗಿಗೇ ಹೋಗುತ್ತದೆ, ಅದರಲ್ಲಿದ್ದ ಜನ ಕಣ್ಣಿಗೇ ಬೀಳುವುದಿಲ್ಲ.

ಹಡಗು ಬೆರಗು ಹುಟ್ಟಿಸುತ್ತದೆ, ನಿಜ. ಮಬ್ಬುಬೆಳಕಿನಲ್ಲಿ 69 ಮೀಟರ್ ಉದ್ದದ ಕಪ್ಪು ಮರದ ಮೈ, ಅದರ ತುಂಬ ಕೆತ್ತನೆ. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟ ಇದು ಒಂದೂವರೆ ಕಿಲೋಮೀಟರ್ ಕೂಡ ಸಾಗದೆ ಮುಳುಗಿತು. ಒಟ್ಟು 64 ಫಿರಂಗಿಗಳು, ಹೆಚ್ಚಿನವು ಎರಡು ಸಾಲಿನಲ್ಲಿ. ಮೇಲೆಲ್ಲ ಭಾರ, ಅಡಿಯಲ್ಲಿ ಅದನ್ನು ತಡೆದು ನಿಲ್ಲಿಸುವಷ್ಟು ತೂಕವಿಲ್ಲ. ಹೊರಡುವ ಮೊದಲೇ 30 ಮಂದಿಯನ್ನು ಡೆಕ್ಕಿನ ಮೇಲೆ ಅತ್ತಿಂದಿತ್ತ ಓಡಿಸಿ ಪರೀಕ್ಷಿಸಿದ್ದರು. ಹಡಗು ತೂರಾಡಿದ್ದು ಕಂಡು ಗಾಬರಿಯಾಗಿ ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟರು. ಯಾನವನ್ನು ಮಾತ್ರ ಬಿಡಲಿಲ್ಲ, ಅರಸನಿಗೆ ಅವಸರವಿತ್ತು. ಇದನ್ನು ಓದುತ್ತ ನಿಜಕ್ಕೂ ಸಿಟ್ಟು ಬಂತು. ಸುಮಾರು 30 ಜನ ಸತ್ತರು. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ.

ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ. ಮರವನ್ನು ಕೊರೆದು ತಿನ್ನುವ ಕಡಲಹುಳು ಅಲ್ಲಿ ಬಾಳುವುದಿಲ್ಲ. ಹಾಗಾಗಿ 1961ರಲ್ಲಿ ಹಡಗನ್ನು ಮೇಲೆತ್ತಿದಾಗ ಅದರೊಂದಿಗೆ ಬಡವರ ಸಾಮಾನೂ ಬಂತು. ಒಂದು ಮರದ ಪೆಟ್ಟಿಗೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಒಳಗೆ ಟೋಪಿ, ಕೈಗವಸು, ಹೊಲಿಗೆಯ ಸಾಮಾನು. ಹರಿದದ್ದನ್ನು ತಾನೇ ಹೊಲಿದುಕೊಳ್ಳುತ್ತಿದ್ದವನ ಪೆಟ್ಟಿಗೆ ಅದು. ನಮ್ಮಜ್ಜನ ಟ್ರಂಕಿನಲ್ಲೂ ಸೂಜಿ, ದಾರದುಂಡೆ ಇದ್ದೇ ಇರುತ್ತಿದ್ದವು.

ಪಕ್ಕದಲ್ಲಿ ಅಸ್ಥಿಪಂಜರಗಳು, ಅವುಗಳ ಆಧಾರದಿಂದ ರೂಪಿಸಿದ ಮುಖಗಳು. ‘ಜಿ’ ಎಂದು ಗುರುತು ಹಾಕಿದ್ದ ಒಂದಕ್ಕೆ ಗುಸ್ತಾವ್ ಎಂದು ಹೆಸರಿಟ್ಟು, ಗಂಡಸೆಂದೇ ದಶಕಗಳ ಕಾಲ ನಂಬಿದ್ದರು. 2023ರಲ್ಲಿ ವಂಶವಾಹಿ ಪರೀಕ್ಷೆ ಅದು ಹೆಣ್ಣೆಂದು ತೋರಿಸಿತು. ಈಗ ಅವಳು ಗೆರ್ಟ್ರೂಡ್. ಮೊದಲ ಹಂತದ ಪಯಣಕ್ಕೆ ಮನೆಯವರನ್ನು ಜೊತೆಗೆ ಕರೆದೊಯ್ಯಲು ನಾವಿಕರಿಗೆ ಅನುಮತಿಯಿತ್ತು. ತಪ್ಪಾಯಿತು ಎಂದು ಒಪ್ಪಿಕೊಂಡು ಹೆಸರನ್ನೇ ತಿದ್ದಿದ ಆ ವಸ್ತುಸಂಗ್ರಹಾಲಯದ ಮೇಲೆ ನನಗೆ ಗೌರವ ಹೆಚ್ಚಾಯಿತು.

ವಾಸಾ ಇರುವ ದ್ವೀಪದಲ್ಲೇ ಸ್ವಲ್ಪ ನಡೆದರೆ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ. ಕಾರ್ಖಾನೆಗಳ ಕಾಲದಲ್ಲಿ ಹಳ್ಳಿಯ ಬದುಕು ಕಣ್ಮರೆಯಾಗುತ್ತಿದೆ ಎಂದು ಕಳವಳಗೊಂಡ ಆರ್ಟೂರ್ ಹಜೇಲಿಯಸ್, ದೇಶದ ನಾನಾ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿಸಿ 1891ರಲ್ಲಿ ತೆರೆದರು. ಕೆಡವಲಿದ್ದ ಹಳೆಯ ಮನೆಗಳನ್ನು ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಉಳಿಸಿದ್ದೂ ಹೀಗೆಯೇ. ಅಲ್ಲಿನ ಕಂಬಗಳನ್ನು ಮುಟ್ಟಿ ನೋಡಿದವರಿಗೆ ಸ್ಕಾನ್ಸೆನ್ ಹೊಸದೆನಿಸುವುದಿಲ್ಲ. ಒಂದು ರೈತನ ಮನೆಯಲ್ಲಿ ಹಳೆಯ ಕಾಲದ ಉಡುಪು ತೊಟ್ಟ ಹೆಂಗಸು ಒಲೆಗೆ ಸೌದೆ ಹಾಕುತ್ತಿದ್ದರು. ಹೊಗೆಗೆ ಕಪ್ಪಾದ ತೊಲೆ, ಮೂಲೆಯಲ್ಲಿ ರಾಟೆ. ಚಳಿಗಾಲದಲ್ಲಿ ಎಲ್ಲರೂ ಎಲ್ಲಿ ಮಲಗುತ್ತಿದ್ದರು ಎಂದು ಕೇಳಿದೆ. ಒಲೆಯ ಪಕ್ಕದ ಮಂಚ ತೋರಿಸಿ, ಅಲ್ಲಿ ಮೊದಲ ಜಾಗ ಅಜ್ಜಿಯದು ಎಂದರು.

ಹೋಗುವವರಿದ್ದರೆ ಎರಡಕ್ಕೂ ಒಂದೊಂದು ದಿನ ಇಟ್ಟುಕೊಳ್ಳಿ. ವಾಸಾದಲ್ಲಿ ಮೊದಲು ಆ ಪೆಟ್ಟಿಗೆ ಹುಡುಕಿ, ಹಡಗು ಆಮೇಲೆ.